ಎಳ್ಳುಕಾಳಿನಷ್ಟು ತಡೆ

ಆಪರೇಷನ್ ನಡೆಯುವಾಗ ದಾಕ್ಷಾಯಣಿ ಎಚ್ಚರವಾಗಿಯೇ ಇದ್ದಳು. ಮೂಗಿನೊಳಗೆ ಏನನ್ನೋ ಜಗ್ಗುತ್ತಿದ್ದಾರೆ, ಏನನ್ನೋ ಕತ್ತರಿಸುತ್ತಿದ್ದಾರೆ ಎಂಬುದು ತಿಳಿಯುತ್ತಿತ್ತು. ನೋವು ಮಾತ್ರ ಇರಲಿಲ್ಲ. ಮೇಲಿನ ಹಲ್ಲು, ಅಂಗುಳ, ಮೂಗಿನ ತುದಿ ಎಲ್ಲವೂ ಬೇರೆ ಯಾರದೋ ಮುಖದವು ಎಂಬಂತಿದ್ದವು.

"ಅಕ್ಕಾರ, ಏನರ ತ್ರಾಸ ಆಗತೈತೇನು?" ಎಂದು ತಲೆಯ ಬಳಿ ನಿಂತಿದ್ದ ಅರಿವಳಿಕೆ ತಜ್ಞೆ ಡಾಕ್ಟರ್ ತಹಸೀನ್ ಮುಲ್ಲಾ ಕೇಳಿದರು.

"ಏನೂ ಇಲ್ರಿ. ಯಾರೋ ಬಾಜೂ ಮನ್ಯಾಗ ಕೆಲಸ ಮಾಡಿದಂಗ ಅನಸ್ತೈತಿ."

ಹಸಿರು ಮುಖಗವಸಿನ ಹಿಂದೆ ಎಲ್ಲರೂ ನಕ್ಕರು.

ದಾಕ್ಷಾಯಣಿ ಬ್ಯಾಡಗಿಯವಳು. ಅಲ್ಲಿನ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತು ವರ್ಷ ಕಾಯಿ ಆರಿಸಿದ ಕೈ ಅವಳದು. ಒಂದು ಹಿಡಿ ತೆಗೆದು ಮೂಸಿದರೆ ಯಾವ ಚೀಲ ಈ ವರ್ಷದ್ದು, ಯಾವುದು ಶೀತಲ ಗೋದಾಮಿನಲ್ಲಿ ವರ್ಷ ಕಳೆದದ್ದು, ಯಾವುದರ ತಳದಲ್ಲಿ ಬೂಷ್ಟು ಹಿಡಿದಿದೆ ಎಂದು ಹೇಳಿಬಿಡುತ್ತಿದ್ದಳು. ಎರಡು ವರ್ಷದಿಂದ ಮೂಗಿನೊಳಗೆ ಮಾಂಸದ ಗಂಟುಗಳು ಬೆಳೆದು, ಮೂಗು ಇದ್ದೂ ಇಲ್ಲದಂತಾಗಿತ್ತು. ಬಾಯಿಂದ ಉಸಿರಾಡುತ್ತ, ನಡುನಡುವೆ ತಲೆ ಹಿಡಿದುಕೊಂಡು ಕೂರುತ್ತ ದಿನ ದೂಡಿದ್ದಳು. ಕೊನೆಗೆ ಗಂಡ ಮಹಾಂತೇಶ ಹಟ ಹಿಡಿದು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತಂದಿದ್ದ.

ಮೂಗಿನ ಹಿಂದೆ, ಮೇಲ್ದವಡೆಯ ಎಲುಬಿನ ಸಂದಿಯಲ್ಲಿ ಒಂದು ಪುಟ್ಟ ನರಗಂಟು ಇದೆ. ಮೂಗಿನ ನೋವಿನ ಸುದ್ದಿಯಲ್ಲಿ ಹೆಚ್ಚಿನ ಪಾಲು ಅದರ ಮೂಲಕವೇ ಮಿದುಳಿಗೆ ಹೋಗುತ್ತದೆ. ಅಲ್ಲಿಗೆ ಅರಿವಳಿಕೆಯ ಸೂಜಿಮದ್ದು ಕೊಟ್ಟು ಮೂಗಿನ ಆಪರೇಷನ್ ಮಾಡುವುದು ಹಳೆಯ ವಿದ್ಯೆ. ಆದರೆ ಮದ್ದಿನ ಪ್ರಭಾವ ಕೆಲವು ತಾಸು ಮಾತ್ರ. ಗಾಯ ಮಾಯುವುದಕ್ಕೆ ವಾರಗಳು ಬೇಕು. ತಹಸೀನ್ ಮತ್ತು ಅವರ ತಂಡ ಆರು ವರ್ಷ ಕೆಲಸ ಮಾಡಿದ್ದು ಈ ಅಂತರವನ್ನು ತುಂಬಲು. ಆಪರೇಷನ್ ಮುಗಿಯುವ ಮೊದಲು ಅವರು ಆ ನರಗಂಟಿನ ಪಕ್ಕದಲ್ಲಿ ಎಳ್ಳುಕಾಳಿನಷ್ಟು ದೊಡ್ಡದಾದ ಒಂದು ಯಂತ್ರ ಇಡುತ್ತಿದ್ದರು. ಅದು ಮದ್ದು ಸುರಿಸುವುದಿಲ್ಲ. ಅತಿ ವೇಗದ ಸಣ್ಣ ವಿದ್ಯುತ್ ಅಲೆಗಳಿಂದ ನರದ ಸಂದೇಶವನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತದೆ, ಎಷ್ಟು ಸಂದೇಶ ಬಂದವು ಎಂದು ಲೆಕ್ಕವನ್ನೂ ಇಡುತ್ತದೆ. ಕಿವಿಯ ಹಿಂದೆ ಅಂಟಿಸಿದ ಬಿಲ್ಲೆಯೊಂದು ಅದಕ್ಕೆ ಶಕ್ತಿ ಕೊಡುತ್ತದೆ. ಬೇಕಾದಾಗ ಚಾಲೂ, ಬೇಡವಾದಾಗ ಬಂದ್. ರೋಗಿಗಳು ಅದಕ್ಕೆ 'ಎಳ್ಳು' ಎಂದೇ ಹೆಸರಿಟ್ಟಿದ್ದರು. ದಾಕ್ಷಾಯಣಿ ಇಪ್ಪತ್ತಾರನೆಯವಳು.

ಮನೆಗೆ ಕಳಿಸುವಾಗ ತಹಸೀನ್ ಹೇಳಿದರು: "ಹತ್ತು ದಿನ ಇದು ಚಾಲೂ ಇರತದ. ಇನ್ನೊಂದ ಮಾತ ಲಕ್ಷ್ಯ ಕೊಟ್ಟ ಕೇಳ್ರಿ. ಕಣ್ಣೀರಿನ ನರಾನೂ ಅದ ಗಂಟಿನ್ಯಾಗಿಂದನ ಹೋಗತದ. ಅಲ್ಲೀತನಕ ನಿಮ್ಮ ಕಣ್ಣಾಗ ನೀರ ಬರಂಗಿಲ್ಲ. ತಾಸಿಗೊಮ್ಮೆ ಈ ಹನಿ ಹಾಕ್ಕೋರಿ. ಪೇಟಿ ಕಡೆ ಹೋಗಬ್ಯಾಡ್ರಿ, ಖಾರದ ಧೂಳ ಬಿದ್ರ ಕಣ್ಣಿಗೆ ಧಕ್ಕಿ ಆದೀತು."

ದಾಕ್ಷಾಯಣಿ ಹನಿಯ ಬಾಟಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಆ ಮಾತಿನ ಮಹತ್ವ ಅವಳಿಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ನಾಲ್ಕನೆಯ ದಿನ, ಉಳ್ಳಾಗಡ್ಡಿ ಹೆಚ್ಚುವಾಗ. ಕಣ್ಣು ಉರಿಯಿತು, ಆದರೆ ನೀರು ಬರಲಿಲ್ಲ. ಇನ್ನೊಂದು ಗಡ್ಡೆ ಹೆಚ್ಚಿ ಮುಖದ ಹತ್ತಿರ ಹಿಡಿದಳು. ಉರಿ ಹೆಚ್ಚಾಯಿತು, ರೆಪ್ಪೆ ಒಣಗಿಯೇ ಇತ್ತು. ಅವಳು ಈಳಿಗೆಮಣೆಯ ಮುಂದೆ ಹಾಗೆಯೇ ಕೂತುಬಿಟ್ಟಳು. ಮಹಾಂತೇಶ ಬಂದು, "ಯಾಕ, ಏನಾತು?" ಎಂದ.

"ನನಗ ಈಗ ಅಳಾಕ ಬರಂಗಿಲ್ಲ," ಎಂದಳು. ಅವಳ ದನಿಯಲ್ಲಿ ಬೆರಗಿತ್ತು.

ಅಳು ಅವಳಿಗೆ ಮಾಡಿದ್ದ ಹಾನಿ ಗಂಡನಿಗೆ ಗೊತ್ತಿತ್ತು. ಇಪ್ಪತ್ನಾಲ್ಕು ವರ್ಷದ ಹಿಂದೆ, ಅವರ ಮಗನಿಗೆ ಎರಡು ವರ್ಷವಿದ್ದಾಗ, ಒಂದು ಹೆಣ್ಣು ಕೂಸು ಹುಟ್ಟಿತ್ತು. ಅದೇ ತಿಂಗಳು ಗದಗಿನಲ್ಲಿದ್ದ ದಾಕ್ಷಾಯಣಿಯ ಅಕ್ಕ ಗಿರಿಜಾಳ ನಾಲ್ಕನೆಯ ಬಸಿರೂ ಇಳಿದುಹೋಯಿತು. ಅಕ್ಕ ಊಟ ಬಿಟ್ಟಳು, ಮಾತು ಬಿಟ್ಟಳು. ಅವ್ವ ಬಂದು ಕಿರಿಯ ಮಗಳ ಮುಂದೆ ಸೆರಗೊಡ್ಡಿದಳು. ಇಪ್ಪತ್ತೊಂದು ದಿನದ ಕೂಸನ್ನು ದಾಕ್ಷಾಯಣಿ ಅಕ್ಕನ ಉಡಿಯಲ್ಲಿ ಹಾಕಿದಳು. ಕೂಸಿಗೆ ಎಂದೂ ತಿಳಿಸಬಾರದು ಎಂದು ಮಾತಾಯಿತು. ಅಕ್ಕ ಅದಕ್ಕೆ ಸಿಂಚನಾ ಎಂದು ಹೆಸರಿಟ್ಟಳು. ಸಿಂಚನಾ ಮಾತು ಕಲಿತಾಗ ದಾಕ್ಷಾಯಣಿಯನ್ನು ಅವ್ವನ ತಂಗಿಯೆಂದು ಚಿಗವ್ವ ಎಂದಳು.

ದಾಕ್ಷಾಯಣಿ ದನಿ ಹಿಡಿದುಕೊಳ್ಳಬಲ್ಲಳು, ಮುಖವನ್ನೂ ಹಿಡಿದುಕೊಳ್ಳಬಲ್ಲಳು. ಕಣ್ಣೀರು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಗದಗಿಗೆ ಹೋದಾಗಲೆಲ್ಲ, ಹುಡುಗಿ ಬಂದು ಮೈಗೆ ಆತುಕೊಂಡರೆ ಸಾಕು, ಕಟ್ಟೆ ಒಡೆದಂತೆ ಹರಿಯುತ್ತಿತ್ತು. ಅಕ್ಕ ಒಂದೊಂದೇ ಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸಿದಳು. ಮೊನ್ನೆ ಸಿಂಚನಾಳ ನಿಶ್ಚಯದ ದಿನ ದಾಕ್ಷಾಯಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತದ್ದನ್ನು ಗಂಡಿನ ಸೋದರತ್ತೆ ನೋಡಿ, "ಹೆತ್ತಾಕಿಗಿಂತ ಹೆಚ್ಚ ಅಳತಾಳಲ್ರೀ ನಿಮ್ಮ ತಂಗಿ?" ಎಂದು ಎಲ್ಲರ ಮುಂದೆ ಕೇಳಿದ್ದಳು.

ಅಂದೇ ಅಕ್ಕ ಹೇಳಿದ್ದಳು: "ಮದಿವಿಗೆ ಬಾ ದಾಕ್ಷಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹುಡುಗೀನ ಒಪ್ಪಿಸೋ ಹೊತ್ತಿಗೆ ಮುಂದ ಬರಬ್ಯಾಡ. ಒಳಗ ಇರು. ನನ್ನ ಕೈಯಾಗ ಆಗಂಗಿಲ್ಲ ಇನ್ನ."

ಈಳಿಗೆಮಣೆ ಸರಿಸಿ ದಾಕ್ಷಾಯಣಿ ಕ್ಯಾಲೆಂಡರಿನ ಮುಂದೆ ನಿಂತಳು. ಮದುವೆ ಆಪರೇಷನ್ನಿನಿಂದ ಹದಿನೆಂಟನೆಯ ದಿನಕ್ಕೆ ಬರುತ್ತಿತ್ತು. ಎಳ್ಳು ಬಂದ್ ಆಗುವುದು ಹತ್ತನೆಯ ದಿನಕ್ಕೆ.

ಆಸ್ಪತ್ರೆಯ ಎರಡನೆಯ ಮಹಡಿಯ ನಿಗಾ ಕೋಣೆಯಲ್ಲಿ ಗೋಡೆಯುದ್ದಕ್ಕೂ ಪರದೆಯಿತ್ತು. ಅದರಲ್ಲಿ ಇಪ್ಪತ್ತಾರು ಗೆರೆಗಳು ಓಡುತ್ತಿದ್ದವು, ಒಬ್ಬೊಬ್ಬ ರೋಗಿಗೆ ಒಂದೊಂದು. ಬಾಗಲಕೋಟೆಯ ಮಾಸ್ತರರೊಬ್ಬರು ಮೂರನೆಯ ದಿನವೇ ಶಾಲೆಗೆ ಹೋಗಿದ್ದರು. ನಾಟಕ ಕಂಪನಿಯ ನಟನೊಬ್ಬ, ಅಳುವ ಪಾತ್ರ ಕೈತಪ್ಪಿತೆಂದು ದಿನಾ ಫೋನು ಮಾಡಿ ಜಗಳ ತೆಗೆಯುತ್ತಿದ್ದ. ನೋವಿನ ಮಾತ್ರೆಯನ್ನು ಒಬ್ಬರೂ ಕೇಳಿರಲಿಲ್ಲ. ತಹಸೀನ್ ಅವರಿಗೆ ಅದೇ ದೊಡ್ಡ ಗೆಲುವು.

ಹತ್ತನೆಯ ದಿನ, ಗುರುವಾರ, ದಾಕ್ಷಾಯಣಿ ಬಂದು ಎದುರಿಗೆ ಕೂತಳು. ಗಾಯ ಚೆನ್ನಾಗಿ ಮಾಯುತ್ತಿತ್ತು. ತಹಸೀನ್ ಬಂದ್ ಮಾಡುವ ಗುಂಡಿಯ ಕಡೆಗೆ ಕೈ ಚಾಚಿದರು.

"ಡಾಕ್ಟರಬಾಯಾರ, ಇನ್ನ ಎಂಟ ದಿನ ಇರ್ಲಿ."

"ಯಾಕ? ನೋವ ಐತೇನು?"

"ಈಗಿಲ್ರಿ. ಮುಂದಿನ ಶುಕ್ರವಾರ ಆಗತೈತಿ."

ತಹಸೀನ್ ಕೈ ಹಿಂದಕ್ಕೆ ತೆಗೆದುಕೊಂಡರು. ಮುಂದಿನ ವಾರದ ನೋವನ್ನು ಮೊದಲೇ ಹೇಳುವ ರೋಗಿಯನ್ನು ಅವರು ನೋಡಿರಲಿಲ್ಲ. ನರ್ಸನ್ನು ಹೊರಗೆ ಕಳಿಸಿ, ಕುರ್ಚಿ ಹತ್ತಿರ ಎಳೆದುಕೊಂಡರು. ದಾಕ್ಷಾಯಣಿ ಎಲ್ಲವನ್ನೂ ಹೇಳಿದಳು. ಗಂಡ ಮತ್ತು ಅಕ್ಕನ ಮನೆಯವರನ್ನು ಬಿಟ್ಟು ಬೇರೊಬ್ಬರಿಗೆ ಹೇಳಿದ್ದು ಅದೇ ಮೊದಲು.

"ಆಕಿ ಕಾರ ಹತ್ತೂ ಮುಂದ ಒಮ್ಮೆ ಬಾಜೂಕ ನಿಂದರಬೇಕ್ರಿ. ಉಡಿ ತುಂಬಬೇಕು. ಅಷ್ಟ. ಕಣ್ಣೀರ ಬರಲಿಲ್ಲ ಅಂದ್ರ ಅಕ್ಕ ನಿಂದರಾಕ ಬಿಡತಾಳ. ನಾ ಆಕಿಗೆ ಮಾತ ಕೊಟ್ಟೀನಿ, ಡಾಕ್ಟರ್ ಹತ್ರ ಔಷಧ ಐತಿ ಅಂತ."

"ಅಕ್ಕಾರ, ಇದನ್ನ ಮಾಡಿದ್ದು ಮೂಗಿನ ನೋವಿಗೆ."

"ಗೊತ್ತೈತ್ರಿ. ನಿಮ್ಮದನ್ನ ನಾ ದುರುಪಯೋಗ ಮಾಡಾಕ ಹತ್ತೀನಿ ಅಂತ ಗೊತ್ತೈತಿ."

ನಿಯಮದ ಪ್ರಕಾರ ಇಪ್ಪತ್ತೊಂದು ದಿನದವರೆಗೆ ಎಳ್ಳನ್ನು ನಡೆಸಲು ಅವಕಾಶವಿತ್ತು, ಆದರೆ ವೈದ್ಯರು ಕಾರಣ ಬರೆಯಬೇಕು. 'ನೋವು ಉಳಿದಿದೆ' ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಹಸೀನ್ ಬಹಳ ಹೊತ್ತು ಪರದೆಯ ಮುಂದೆ ಕೂತರು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ಇಲ್ಲವೆನ್ನಲೂ ಆಗಲಿಲ್ಲ. ಕೊನೆಗೆ, 'ರೋಗಿಯ ಕೋರಿಕೆಯ ಮೇರೆಗೆ, ಕೌಟುಂಬಿಕ ಕಾರಣ' ಎಂದು ಬರೆದು ಸಹಿ ಹಾಕಿದರು. ಇದಕ್ಕೆ ಪ್ರಯೋಗಗಳನ್ನು ನೋಡಿಕೊಳ್ಳುವ ಆಸ್ಪತ್ರೆಯ ಸಮಿತಿ ವಿವರಣೆ ಕೇಳುತ್ತದೆ ಎಂಬುದು ಗೊತ್ತಿತ್ತು.

"ಬಿಲ್ಲಿ ತಗೀಬ್ಯಾಡ್ರಿ. ತಗದ್ರ ಒಳಗಿನ ಶಕ್ತಿ ಎರಡೂವರಿ ತಾಸಿನ್ಯಾಗ ಮುಗೀತದ, ಆಮ್ಯಾಲ ತಾನ ಬಂದ್ ಆಗತದ," ಎಂದು ಎಚ್ಚರಿಸಿ ಕಳಿಸಿದರು.

ಗದಗಿನ ಕಲ್ಯಾಣಮಂಟಪದಲ್ಲಿ ಗಿರಿಜಾ ತಂಗಿಯನ್ನು ಬಾಗಿಲಲ್ಲಿಯೇ ತಡೆದು ಮುಖ ನೋಡಿದಳು. ಸಿಂಚನಾ ಹಸಿರು ಸೀರೆಯುಟ್ಟು, ತಲೆಯ ಮೇಲೆ ಅಕ್ಷತೆಯೊಂದಿಗೆ ಎದುರಿಗೇ ಓಡಾಡಿದಳು. ದಾಕ್ಷಾಯಣಿಯ ಕಣ್ಣು ಒಣಗಿಯೇ ಇತ್ತು. ಗಿರಿಜಾ ನಿಟ್ಟುಸಿರು ಬಿಟ್ಟು, "ಹೌದಲ್ಲ!" ಎಂದಳು. ಮಧ್ಯಾಹ್ನದ ಊಟವಾದ ಮೇಲೆ ತಾನೇ ಕೈಹಿಡಿದು ಮುಂದಕ್ಕೆ ಕರೆತಂದಳು. ಉಡಿ ತುಂಬುವ ಐದು ಮಂದಿಯಲ್ಲಿ ದಾಕ್ಷಾಯಣಿಯನ್ನೂ ನಿಲ್ಲಿಸಿದಳು.

ಮೂರು ಗಂಟೆಗೆ ಹುಡುಗಿಯನ್ನು ಒಪ್ಪಿಸುವ ಹೊತ್ತಾಯಿತು. ಕಾರು ಬಂದು ನಿಂತಿತು. ಗಿರಿಜಾ ಮಗಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಗಿರಿಜಾಳ ಗಂಡ ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಂಡ. ಓಣಿಯ ಹೆಂಗಸರು ಅತ್ತರು, ಕಾಲೇಜಿನ ಗೆಳತಿಯರು ಅತ್ತರು. ಯಾವತ್ತೋ ಒಂದು ಸಲ ಸಿಂಚನಾಳ ಮನೆಗೆ ಹಾಲು ತಂದು ಹಾಕಿದ್ದ ಮುದುಕಿಯೂ ಅತ್ತಳು.

ದಾಕ್ಷಾಯಣಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಿಡಿದು ಉಡಿ ತುಂಬಿದಳು. ಇಪ್ಪತ್ನಾಲ್ಕು ವರ್ಷದಲ್ಲಿ ಇಷ್ಟು ಹೊತ್ತು, ಇಷ್ಟು ಹತ್ತಿರ ನಿಂತು ಆ ಮುಖವನ್ನು ನೋಡಿರಲಿಲ್ಲ. ಗದ್ದದ ಬಲಗಡೆ ಸಣ್ಣ ಮಚ್ಚೆಯಿತ್ತು. ಕಣ್ಣೀರಿನ ಪರದೆಯಿಲ್ಲದೆ ಅದನ್ನು ಮೊದಲ ಸಲ ಸ್ಪಷ್ಟವಾಗಿ ಕಂಡಳು.

ಸಿಂಚನಾ ಅಳುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು. ಏನನ್ನೋ ಹುಡುಕುವಂತೆ ಒಂದು ಕಣ್ಣಿಂದ ಇನ್ನೊಂದಕ್ಕೆ ನೋಟ ಹೊರಳಿಸಿದಳು.

"ಎಲ್ಲಾರೂ ಅತ್ರು, ಚಿಗವ್ವಾ," ಎಂದಳು ಮೆಲ್ಲಗೆ.

ದಾಕ್ಷಾಯಣಿ ಅವಳ ಉಡಿಯ ಗಂಟು ಸರಿಪಡಿಸಿದಳು. "ಚೊಲೋ ಇರವ್ವಾ," ಎಂದಳು.

"ಹೂಂ. ಇರ್ಲಿ ಬಿಡು." ಸಿಂಚನಾ ಬಾಗಿ ಕಾಲು ಮುಟ್ಟಿ, ತಿರುಗಿ ನೋಡದೆ ಕಾರು ಹತ್ತಿದಳು.

ಆ ಎರಡು ಮಾತು ದಾಕ್ಷಾಯಣಿಯನ್ನು ಇರಿದವು. ತನ್ನ ಬದುಕಿನಲ್ಲಿ ಮೊದಲ ಸಲ ಅವಳಿಗೆ ಅಳಬೇಕಾಗಿತ್ತು, ಆ ಹುಡುಗಿಗೆ ಕಾಣುವಂತೆ ಅಳಬೇಕಾಗಿತ್ತು. ಕಿವಿಯ ಹಿಂದೆ ಕೈ ಹಾಕಿ ಬಿಲ್ಲೆಯನ್ನು ಕಿತ್ತಳು. ಕೂದಲೂ ಕಿತ್ತುಬಂತು. ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿದಳು. ಕಣ್ಣು ಉರಿಯಿತು, ರೆಪ್ಪೆ ಬಡಿಯಿತು, ಒಂದು ಹನಿಯೂ ಬರಲಿಲ್ಲ. ಕಾರು ಕೊಪ್ಪಳದ ರಸ್ತೆಗೆ ಹೊರಳಿತು. ಗಿರಿಜಾ ಹಿಂದಿನಿಂದ ಬಂದು ಅವಳ ಭುಜದ ಮೇಲೆ ಕೈಯಿಟ್ಟು, "ಮಾತ ಉಳಿಸಿಕೊಂಡಿ, ದಾಕ್ಷಿ," ಎಂದಳು.

ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಹೆಂಗಸರ ಸೀಟುಗಳು ಮುಂದಿದ್ದವು. ಮಹಾಂತೇಶ ಹಿಂದೆ ಕೂತಿದ್ದ. ಲಕ್ಷ್ಮೇಶ್ವರ ದಾಟಿತು. ದಾಕ್ಷಾಯಣಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಸವಣೂರು ಇನ್ನೂ ಸ್ವಲ್ಪ ದೂರವಿದ್ದಾಗ, ಬಿಸಿಲು ಇಳಿಯುವ ಹೊತ್ತಿಗೆ, ಕೆನ್ನೆಯ ಮೇಲೆ ಏನೋ ಹರಿದಂತಾಯಿತು. ಮುಟ್ಟಿ ನೋಡಿಕೊಂಡಳು. ಬೆರಳು ಒದ್ದೆಯಾಗಿತ್ತು.

ಆಮೇಲೆ ಅದು ನಿಲ್ಲಲಿಲ್ಲ. ಮೂಗಿನ ಮರಗಟ್ಟಿದ ಭಾಗಕ್ಕೂ ಜೀವ ಬಂದು ಗಾಯ ಚುರುಗುಟ್ಟಿತು. ಸೆರಗು ತೊಯ್ದಿತು. ಹಿಡಿದಿಟ್ಟಿದ್ದ ದನಿಯೂ ಒಡೆಯಿತು.

ಪಕ್ಕದಲ್ಲಿ ಕುಳಿತಿದ್ದ, ಮೊಣಕಾಲ ಮೇಲೆ ಬಾಳೆಹಣ್ಣಿನ ಚೀಲ ಇಟ್ಟುಕೊಂಡಿದ್ದ ಮುದುಕಿ ತಿರುಗಿದಳು. "ಯಾಕ ತಂಗೀ? ಏನಾತವ್ವಾ?"

"ಮಗಳ ಮದಿವಿ ಮಾಡಿ ಕಳಿಸಿ ಬಂದ್ನಿ," ಎಂದಳು ದಾಕ್ಷಾಯಣಿ.

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಮಗಳು. ಡಾಕ್ಟರಿಗೆ ಎಲ್ಲವನ್ನೂ ಹೇಳುವಾಗಲೂ ಅವಳು ಆ ಪದವನ್ನು ಬಾಯಿಬಿಟ್ಟು ಆಡಿರಲಿಲ್ಲ. ಮುದುಕಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಅಯ್ಯ, ಅಷ್ಟೇನು! ಅಳು, ಅಳು. ಒಬ್ಬಾಕಿನ ಮಗಳೇನು?" ಎಂದಳು.

"ಒಬ್ಬಾಕಿನ ರೀ."

"ಹೆಸರೇನಿಟ್ಟಿ?"

"ಸಿಂಚನಾ."

"ಚೊಲೋ ಹೆಸರು," ಎಂದು ಮುದುಕಿ ಒಂದು ಬಾಳೆಹಣ್ಣು ಕೊಟ್ಟಳು. ಸವಣೂರಿನಲ್ಲಿ ಇಳಿಯುವ ತನಕ ಮಗಳ ಓದು, ಅಳಿಯನ ಕೆಲಸ, ಬೀಗರ ಸ್ವಭಾವ ಎಲ್ಲವನ್ನೂ ಕೇಳಿದಳು. ದಾಕ್ಷಾಯಣಿ ಅಳುತ್ತಲೇ ತನಗೆ ಗೊತ್ತಿದ್ದಷ್ಟು ಹೇಳಿದಳು. ಗೊತ್ತಿದ್ದದ್ದು ಬಹಳ ಕಡಿಮೆ.

ಸೋಮವಾರ ತಹಸೀನ್ ಎಳ್ಳನ್ನು ಹೊರತೆಗೆದರು. ಐದು ನಿಮಿಷದ ಕೆಲಸ. ಕಾರು ಹತ್ತುವಾಗ ಸಿಂಚನಾ ಆಡಿದ ಮಾತನ್ನು ದಾಕ್ಷಾಯಣಿ ಅವರಿಗೆ ಹೇಳಿದಳು. ಸಮಿತಿಯ ನೋಟಿಸು ಮೇಜಿನ ಮೇಲೆ ಬಂದು ಬಿದ್ದಿತ್ತು. ಅವರು ಆ ವಿಷಯ ಎತ್ತಲಿಲ್ಲ. ಎಳ್ಳಿನೊಳಗಿನ ದಾಖಲೆಯನ್ನು ಪರದೆಗೆ ಇಳಿಸಿದರು.

"ಇಲ್ಲಿ ಬರ್ರಿ ಅಕ್ಕಾರ. ಇದು ಶುಕ್ರವಾರದ್ದು."

ಬೆಳಗಿನಿಂದ ಗೆರೆ ಅಲ್ಲಲ್ಲಿ ಮಾತ್ರ ಎದ್ದಿತ್ತು. ಮೂರು ಗಂಟೆ ಹತ್ತು ನಿಮಿಷಕ್ಕೆ ಅದು ನೆಟ್ಟಗೆ ಮೇಲೆದ್ದು, ಎರಡೂವರೆ ತಾಸು ಕೆಳಗೆ ಇಳಿದೇ ಇರಲಿಲ್ಲ. ಮಿದುಳಿನಿಂದ ಕಣ್ಣಿಗೆ ಸಂದೇಶದ ಮೇಲೆ ಸಂದೇಶ ಹೊರಟಿತ್ತು, ಎಳ್ಳು ಒಂದೊಂದನ್ನೂ ತಡೆದು ಬರೆದಿಟ್ಟಿತ್ತು.

"ಆರ ವರ್ಷದಾಗ ಯಾರದೂ ಇಷ್ಟ ಎತ್ತರ ಹೋಗಿದ್ದಿಲ್ಲ," ಎಂದರು ತಹಸೀನ್. "ನೀವು ಅಲ್ಲೇ ಅತ್ತೀರಿ. ಹೊರಗ ಬರಲಿಲ್ಲ, ಅಷ್ಟ. ಒಂದ ಕಾಗದದ ಮ್ಯಾಲ ತಗದ ಕೊಡಲೇನು? ಆಕಿಗೆ ತೋರಿಸ್ರಿ."

ದಾಕ್ಷಾಯಣಿ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಬ್ಯಾಡ್ರಿ. ಪುರಾವೆ ತೋರಿಸಿ ತಾಯಿ ಆಗೂದ ಏನ ಛಂದ್ರಿ? ಬಾಯಿಲೆ ಹೇಳತೀನಿ."

ಅವಳು ಹೊರಗೆ ಬಂದು ಜಗಲಿಯ ಬೆಂಚಿನ ಮೇಲೆ ಕೂತು, ಮನಸ್ಸು ಬದಲಾಗುವ ಮೊದಲೇ ಸಿಂಚನಾಳಿಗೆ ಫೋನು ಹಚ್ಚಿದಳು. ಮೂಗಿನ ಆಪರೇಷನ್ನು, ಎಳ್ಳು, ಉಳ್ಳಾಗಡ್ಡಿ, ಅಕ್ಕನಿಗೆ ಕೊಟ್ಟ ಮಾತು ಎಲ್ಲವನ್ನೂ ಹಿಂದುಮುಂದಾಗಿ ಹೇಳಿದಳು. ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬಂದು, "ನೀ ನನ್ನ..." ಎಂದು ಶುರು ಮಾಡಿದಳು.

ಆಚೆ ಕಡೆಯಿಂದ ಸಿಂಚನಾಳ ದನಿ ಬಂತು: "ನನಗ ಗೊತ್ತೈತಿ."

"ಏನ ಗೊತ್ತೈತಿ?"

"ಪಿಯುಸಿ ಇದ್ದಾಗ ಕಾಲೇಜಿನ್ಯಾಗ ರಕ್ತದ ಗುಂಪ ನೋಡಿದ್ರು. ಅಪ್ಪಾಂದೂ ಓ, ಅವ್ವಂದೂ ಓ. ನಂದು ಬಿ. ಅಂಥಾ ಕೂಸ ಹುಟ್ಟೂದಿಲ್ಲ ಅಂತ ಪುಸ್ತಕದಾಗ ಬರದಿತ್ತು. ಯಾರ ಕೂಸಿರಬೇಕು ಅಂತ ಭಾಳ ದಿನ ವಿಚಾರ ಮಾಡಿದೆ. ನಿಶ್ಚಯದ ದಿನ ನೀ ಅಡಗಿಮನಿ ಬಾಗಿಲದಾಗ ನಿಂತ ಅತ್ತಿದ್ದಿ ನೋಡು, ಆವತ್ತ ಖಾತ್ರಿ ಆತು. ಮದಿವಿ ದಿನ ನಿನ್ನ ಕಣ್ಣ ನೋಡಿ, ಎಲ್ಲಾ ನಾನ ಕಟಗೊಂಡದ್ದು ಅಂತ ಅನಿಸ್ತು. ಮೂರ ದಿನ ನನಗ ಯಾರೂ ಇಲ್ಲದಂಗ ಇತ್ತು."

ದಾಕ್ಷಾಯಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಕೇಳಬೇಕಿಲ್ಲೇನ ನನ್ನ?"

"ನೀನ ಹೇಳತಿ ಅಂತ ಕಾದೆ."

ಆಮೇಲೆ ಸಿಂಚನಾ, ಯಾರಿಗೋ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದಳು. "ಅವ್ವಗ ಹೇಳಬ್ಯಾಡ, ನನಗ ಗೊತ್ತೈತಿ ಅಂತ. ಆಕಿ ತಡಕೊಳ್ಳಂಗಿಲ್ಲ. ನಾನೂ ಹೇಳಂಗಿಲ್ಲ."

"ಇಲ್ಲ. ಹೇಳಂಗಿಲ್ಲ."

"ಹಂಗಾದ್ರ ನಾ ಚಿಗವ್ವ ಅಂತನ ಕರೀಬೇಕು."

"ಹಂಗ ಕರಿ. ಅದರಾಗೂ ಅವ್ವ ಐತಲ್ಲ."

ಆಚೆ ಕಡೆ ಕುಕ್ಕರು ಸೀಟಿ ಹೊಡೆಯಿತು. ಹೆಂಗಸೊಬ್ಬಳು ಸಿಂಚನಾಳ ಹೆಸರು ಹಿಡಿದು ಕರೆದಳು. "ಬಂದ್ನಿರಿ ಅತ್ತೀ," ಎಂದು ಸಿಂಚನಾ ಕೂಗಿದಳು, ಆದರೆ ಫೋನು ಇಡಲಿಲ್ಲ. ಇನ್ನೊಂದು ಸೀಟಿ ಹೊಡೆಯಿತು. ಮತ್ತೆ ಕರೆದರು.

"ಹೋಗವ್ವಾ, ಕರ್ಯಾಕ ಹತ್ಯಾರ," ಎಂದಳು ದಾಕ್ಷಾಯಣಿ.

"ಹೋಗತೀನಿ," ಎಂದಳು ಮಗಳು, ಮತ್ತು ಹೋಗಲಿಲ್ಲ.